ಎರಡು ಪನ್ನ ಹೆಚ್ಚಿನ ಪರದೆ

ಅರಮನೆಯ ಮುದ್ರೆಯಿದ್ದ ಆ ದಪ್ಪ ಲಕೋಟೆ ತನಗೇ ಬಂದದ್ದು ಎಂದು ಮೇಸ್ತ್ರಿ ನಂಬಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮೂರು ವರ್ಷ ಆ ಅರಮನೆಯ ಗೋಡೆಗಳಿಗೆ ಸುಣ್ಣದ ಗಾರೆ ಬಳಿದವನು ಅವನು. ನಲವತ್ತು ವರ್ಷ ಬೀಗ ಹಾಕಿಕೊಂಡು ಪಾರಿವಾಳಗಳಿಗೆ ಮನೆಯಾಗಿದ್ದ ಕಟ್ಟಡವನ್ನು ಒಂದು ಕಂಪನಿ ಕೊಂಡು, ಇಟ್ಟಿಗೆ ಇಟ್ಟಿಗೆಯನ್ನೂ ರಿಪೇರಿ ಮಾಡಿಸಿ, ದೊಡ್ಡವರು ಬಂದು ಇಳಿಯುವಂಥ ಹೋಟೆಲು ಮಾಡಿತ್ತು. ಅಲ್ಲಿನ ಗೋಡೆಗಳಲ್ಲಿ ಮುಖ ನೋಡಿಕೊಳ್ಳಬಹುದು ಎಂದು ಪೇಪರಿನಲ್ಲಿ ಬಂದ ದಿನ ಮೇಸ್ತ್ರಿ ಆ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡಿದ್ದ. ಒಗೆಯುವಾಗ ಅದು ಅಂಗಿಯ ಜೊತೆ ನೆನೆದು ಹಿಟ್ಟಾಯಿತು ಅಂತ ಹೆಂಡತಿಯ ಜೊತೆ ಎರಡು ದಿನ ಮಾತು ಬಿಟ್ಟಿದ್ದ.

ಹಾಗಾಗಿ ಅಂಚೆಯವನು ಬೀದಿ ತುದಿಯ ಚಹಾದಂಗಡಿಯಲ್ಲೇ ಅವನನ್ನು ಕಂಡು, "ನಿಮ್ಮ ಮನೇದು" ಎಂದು ಲಕೋಟೆ ಕೊಟ್ಟಾಗ, ಮೇಲಿನ ಹೆಸರು ನೋಡುವಷ್ಟು ತಾಳ್ಮೆ ಅವನಿಗೆ ಉಳಿಯಲಿಲ್ಲ. ಒಳಗಿನ ಕಾಗದದಲ್ಲಿ 'ಕೈಚಳಕ', 'ಎರಡು ದಿನ', 'ಅತಿಥಿಗಳಾಗಿ' ಎಂಬ ಮೂರು ಮಾತು ಕಣ್ಣಿಗೆ ಬಿದ್ದವು. ಅಷ್ಟೇ ಸಾಕಾಯಿತು. ಅಂಗಡಿಯಲ್ಲಿದ್ದ ಹನ್ನೊಂದು ಜನಕ್ಕೂ ಚಹಾ ಹೇಳಿದ.

ಆ ಹನ್ನೊಂದರಲ್ಲಿ ಎಡಗೈ ಮೇಸ್ತ್ರಿಯೂ ಒಬ್ಬ. ಅವನೂ ಅದೇ ಅರಮನೆಯಲ್ಲಿ ಗಾರೆ ಬಳಿದವನೇ. ಎಡಗೈಯಲ್ಲಿ ಕರಣೆ ಹಿಡಿಯುತ್ತಿದ್ದದ್ದರಿಂದ ಆ ಹೆಸರು. ನಮ್ಮ ಮೇಸ್ತ್ರಿಗೆ ಅವನನ್ನು ಕಂಡರೆ ಹತ್ತು ವರ್ಷದಿಂದ ಹೊಟ್ಟೆಯಲ್ಲಿ ಬೆಂಕಿ. ಅರಮನೆಯ ಹಿಂಭಾಗದ ಕಟ್ಟಡವನ್ನೂ ಇನ್ನೆರಡು ತಿಂಗಳಲ್ಲಿ ರಿಪೇರಿಗೆ ತೆಗೆಯುತ್ತಾರೆ, ಅದರ ಮುಖ್ಯ ಮೇಸ್ತ್ರಿ ಇವನೋ ಅವನೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಎಡಗೈಯವನು ಚಹಾ ಹೀರಿ, "ಒಳ್ಳೇದಾಯ್ತಪ್ಪ" ಎಂದಷ್ಟೇ ಹೇಳಿದ. ಆ ಮುಖ ನೋಡುವುದಕ್ಕೆ ಇನ್ನೊಂದು ಸುತ್ತು ಚಹಾ ಹೇಳಿದರೂ ನಷ್ಟವಿಲ್ಲ ಎನ್ನಿಸಿತು ಮೇಸ್ತ್ರಿಗೆ.

ಮನೆಗೆ ಬಂದವನೇ ಮಗಳನ್ನು ಕರೆದ. ಮಗಳಿಗೆ ಹದಿನೆಂಟು, ಕಾಲೇಜಿನಲ್ಲಿ ಎರಡನೆಯ ವರ್ಷ. ಹಾಲು ಉಕ್ಕಿದ್ದು ಯಾರ ತಪ್ಪು ಎಂಬುದಕ್ಕೂ ವಾದ ಮಾಡುತ್ತಾಳೆಂದು ಮನೆಯಲ್ಲಿ ಎಲ್ಲರೂ ಅವಳನ್ನು ಲಾಯರು ಎಂದೇ ಕರೆಯುವುದು.

"ಓದಮ್ಮ. ಗಟ್ಟಿಯಾಗಿ ಓದು, ಅಜ್ಜಿಗೂ ಕೇಳಲಿ."

"ಇದು 'ಶ್ರೀಮತಿ' ಅಂತ ಶುರುವಾಗುತ್ತಲ್ಲಪ್ಪ."

"ಅಚ್ಚಿನ ತಪ್ಪಿರಬೇಕು. ಮುಂದೆ ಓದು."

ಲಾಯರು ಓದಿದಳು. ಮೇಲಿನ ಮಹಡಿಯ ಪರದೆಗಳನ್ನು, ಅದರಲ್ಲೂ ಮೂಲೆ ಕೋಣೆಯ ಪರದೆಯನ್ನು, ವರ್ಷವಿಡೀ ಅತಿಥಿಗಳು ಹೊಗಳಿದ್ದಾರೆ. ಹೋಟೆಲು ತೆರೆದು ಒಂದು ವರ್ಷವಾದ ಸಂದರ್ಭದಲ್ಲಿ ಆ ಕೈಚಳಕಕ್ಕೆ ಮರ್ಯಾದೆಯಾಗಿ, ಅದೇ ಮೂಲೆ ಕೋಣೆಯಲ್ಲಿ ತಾವೂ ತಮ್ಮ ಜೊತೆಗೊಬ್ಬರೂ ಎರಡು ದಿನ ಅತಿಥಿಗಳಾಗಿ ಇರಬೇಕು.

ಕಿಟಕಿಯ ಪಕ್ಕ ಗಡಗಡ ಓಡುತ್ತಿದ್ದ ಹೊಲಿಗೆ ಯಂತ್ರ ನಿಂತಿತು. ಮೇಸ್ತ್ರಿಯ ಹೆಂಡತಿ ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು.

"ಎಲ್ಲಿ, ಇನ್ನೊಂದು ಸಲ ಓದು" ಎಂದಳು.

"ಯಾಕೆ ಇನ್ನೊಂದು ಸಲ? ಕಿವಿ ಕೇಳಿಸಲ್ವಾ?" ಎಂದ ಮೇಸ್ತ್ರಿ.

ಊಟಕ್ಕೆ ಕೂತಾಗ ಅವನು ಅನ್ನವನ್ನು ತಟ್ಟೆಯ ಆ ಕಡೆಯಿಂದ ಈ ಕಡೆಗೆ ತಳ್ಳಿದ. ಬೇಳೆಗೆ ಉಪ್ಪು ಜಾಸ್ತಿ ಎಂದ. ಅವನ ತಾಯಿ ಅದೇ ಬೇಳೆಯನ್ನು ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದಳು.

"ಗೋಡೆ ಇಲ್ದೆ ಇದ್ದಿದ್ರೆ ನಿನ್ನ ಪರದೆನ ಆಕಾಶಕ್ಕೆ ನೇತುಹಾಕ್ತಿದ್ಯಾ?"

"ನಾನೇನು ಕಾಗದ ಬರೆಸ್ಕೊಂಡ್ನಾ ರೀ? ಅವರಾಗೇ ಕಳ್ಸಿದ್ದು."

"ಹನ್ನೊಂದು ಜನದ ಮುಂದೆ ನನ್ನ ಮರ್ಯಾದೆ ಹೋಯ್ತಲ್ಲ."

"ಚಹಾದ ದುಡ್ಡು ನಾನು ಕೊಡ್ತೀನಿ ಬಿಡಿ."

ತಮಾಷೆಗೆ ಹೇಳಿದ್ದು. ಆದರೆ ಆ ಮಾತು ಮೇಸ್ತ್ರಿಗೆ ನೆಟ್ಟಗೆ ನಾಟಿತು. ತಟ್ಟೆಯಲ್ಲೇ ಕೈ ತೊಳೆದು ಎದ್ದ.

ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳನ್ನು ಎಲ್ಲರೂ ಕರೆದದ್ದು ಮೇಸ್ತ್ರಿ ಹೆಂಡತಿ ಎಂದೇ. ಅರಮನೆಗೆ ನೂರೆಂಟು ಕಿಟಕಿಯ ಪರದೆ ಹೊಲಿದಾಗಲೂ ಹಾಗೆಯೇ. ಗೋಡೆ ನೋಡಲು ಬಂದವರು ಗೋಡೆ ಸವರಿ, "ಆಹಾ ಮೇಸ್ತ್ರಿ" ಎನ್ನುತ್ತಿದ್ದರು. ಅವಳು ಏಣಿಯ ಮೇಲೆ ನಿಂತು ನೆರಿಗೆ ಸರಿಮಾಡುತ್ತಿದ್ದರೆ, "ಸ್ವಲ್ಪ ಪಕ್ಕಕ್ಕೆ ಬಾಮ್ಮ, ಗೋಡೆ ಕಾಣಲಿ" ಎನ್ನುತ್ತಿದ್ದರು. ಆಗೆಲ್ಲ ಅವಳಿಗೂ ಹೊಟ್ಟೆ ಉರಿದಿತ್ತು. ಉರಿದದ್ದನ್ನು ಯಾರಿಗೂ ತೋರಿಸಿರಲಿಲ್ಲ, ಅಷ್ಟೇ. ಈಗ ಆ ಕಾಗದವನ್ನು ಅಳತೆ ಪುಸ್ತಕದೊಳಗೆ ಇಟ್ಟುಕೊಂಡು ದಿನಕ್ಕೆ ನಾಲ್ಕು ಸಲ ತೆಗೆದು ನೋಡುತ್ತಿದ್ದಳು. ನೋಡಿದಾಗೆಲ್ಲ ಖುಷಿಯಾಗುತ್ತಿತ್ತು. ಖುಷಿಯ ಬೆನ್ನಿಗೇ ಹೆದರಿಕೆಯೂ ಬರುತ್ತಿತ್ತು.

ಹೆದರಿಕೆ ಯಾಕೆಂದರೆ, ಆ ಮೂಲೆ ಕೋಣೆಯ ಪರದೆ ಅಷ್ಟು ಅಗಲ ಯಾಕಿದೆ ಎಂಬುದು ಅವಳಿಗೆ ಮಾತ್ರ ಗೊತ್ತಿತ್ತು.

ಹೋದ ವರ್ಷ, ಹೋಟೆಲು ತೆರೆಯುವುದಕ್ಕೆ ಇನ್ನು ಹದಿನೈದು ದಿನ ಇತ್ತು. ಅವಳು ಮೂಲೆ ಕೋಣೆಗೆ ಪರದೆ ಕಟ್ಟಲು ಹೋದಾಗ, ಕಿಟಕಿಯ ಎಡಕ್ಕಿದ್ದ ಗೋಡೆಯಲ್ಲಿ ಒಂದು ಬಾಗಿಲಿನಷ್ಟು ಜಾಗ ಬೆವರಿತ್ತು. ಹೊಳಪು ಹೋಗಿ, ಗುಳ್ಳೆ ಎದ್ದು, ಉಪ್ಪು ಬಿಳಿಯಾಗಿ ಹೂ ಬಿಟ್ಟಿತ್ತು. ಗಾರೆಯವನ ಹೆಂಡತಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗಂಡ ಕೆಳಗಿನ ಪದರ ಒಣಗುವ ಮೊದಲೇ ಮೇಲಿನ ಪದರ ಬಳಿದು ಕಲ್ಲಿನಿಂದ ಉಜ್ಜಿಬಿಟ್ಟಿದ್ದ. ಒಳಗಿನ ಒದ್ದೆ ಹೊರಬರಲು ದಾರಿ ಹುಡುಕುತ್ತಿತ್ತು. ಆಗ ಮೇಸ್ತ್ರಿ ಕೆಳಗಿನ ದೊಡ್ಡ ಸಭಾಂಗಣದಲ್ಲಿ ಹಗಲೆಲ್ಲ ಕೆಲಸದಲ್ಲಿದ್ದ. ರತ್ನಗಂಬಳಿ ಹಾಸಿದ ಮೇಲೆ ಗಾರೆಯವರನ್ನು ಮೇಲಿನ ಮಹಡಿಗೆ ಬಿಡುತ್ತಲೂ ಇರಲಿಲ್ಲ. ಮ್ಯಾನೇಜರು ಕಂಡರೆ ಅವನ ಹೆಸರು ಮಣ್ಣುಪಾಲು. ಅವಳು ಯಾರಿಗೂ ಹೇಳಲಿಲ್ಲ. ಉಳಿದಿದ್ದ ಬಟ್ಟೆಯಲ್ಲಿ ಎರಡು ಪನ್ನ, ಅಂದರೆ ಬಟ್ಟೆ ಸುರುಳಿಯ ಪೂರಾ ಅಗಲದ ಎರಡು ಪಟ್ಟಿ, ಹೆಚ್ಚಿಗೆ ಸೇರಿಸಿ ಹೊಲಿದಳು. ಪರದೆ ಕಿಟಕಿಯನ್ನು ದಾಟಿ, ಗೋಡೆಯ ಮೇಲೂ ಸಾಗಿ, ಮೇಲಿನಿಂದ ನೆಲದವರೆಗೆ ಇಳಿಬಿತ್ತು. ಗೋಡೆ ಮುಚ್ಚಿಹೋಯಿತು. ಆ ಧಾರಾಳವಾದ ನೆರಿಗೆಗಳನ್ನು ನೋಡಿಯೇ ಅತಿಥಿಗಳು ಮರುಳಾದದ್ದು.

ಮೇಸ್ತ್ರಿಗೆ ಒಂದು ಚಾಳಿ. ಯಾರ ಮನೆಗೆ ಹೋಗಲಿ, ಕೂರುವ ಮೊದಲು ನಡುಬೆರಳಿನ ಗೆಣ್ಣಿನಿಂದ ಗೋಡೆಗಳನ್ನೆಲ್ಲ ಒಮ್ಮೆ ತಟ್ಟಿ ನೋಡಬೇಕು. ಅವನು ಆ ಕೋಣೆಗೆ ಬಂದರೆ ಪರದೆ ಎತ್ತದೆ ಬಿಡುವುದಿಲ್ಲ.

ಎರಡು ದಿನ ಕಾದು ಮೇಸ್ತ್ರಿಯೇ ಮಾತು ತೆಗೆದ. "ನಾನಂತೂ ಬರಲ್ಲ. ಹೆಂಡತಿ ಸೆರಗು ಹಿಡ್ಕೊಂಡು ಹೋಗೋನಲ್ಲ ನಾನು."

ಮೂರು ಸಲವಾದರೂ ಕರೆಯುತ್ತಾಳೆ, ಎರಡು ಸಲ ಬೇಡ ಅಂದು ಮೂರನೇ ಸಲಕ್ಕೆ ಹೂಂ ಅನ್ನೋಣ ಎಂಬ ಲೆಕ್ಕ ಅವನದು.

"ಆಯ್ತು ಹಾಗಾದ್ರೆ. ಅತ್ತೆನ ಕರ್ಕೊಂಡು ಹೋಗ್ತೀನಿ" ಎಂದಳು ಅವಳು, ತಟ್ಟನೆ.

ಮೇಸ್ತ್ರಿ ಇಂಗು ತಿಂದ ಮಂಗನ ಹಾಗಾದ. ಬಾಗಿಲ ಹತ್ತಿರ ಚಪ್ಪಲಿ ಹುಡುಕಿದ. ಚಪ್ಪಲಿ ಕಾಲಲ್ಲೇ ಇತ್ತು.

ಆಮೇಲಿನ ಮೂರು ವಾರ ಆ ಎರಡು ಕೋಣೆಯ ಮನೆಯಲ್ಲಿ ಹೊಟ್ಟೆಕಿಚ್ಚು ಬಿಟ್ಟರೆ ಬೇರೇನೂ ಬೇಯಲಿಲ್ಲ. ಮೇಸ್ತ್ರಿ ಹೆಂಡತಿಯನ್ನು ಅತಿಥಿಯಮ್ಮ ಎಂದು ಕರೆಯತೊಡಗಿದ. "ಅತಿಥಿಯಮ್ಮನೋರೇ, ನೀರು ಕೊಡ್ತೀರಾ?" ಯಂತ್ರದ ಸದ್ದಿಗೆ ತಲೆನೋವು ಎಂದ. ಇಪ್ಪತ್ತು ವರ್ಷ ಅದೇ ಸದ್ದಿನ ಪಕ್ಕ ಗೊರಕೆ ಹೊಡೆದವನು. ಚಹಾದಂಗಡಿಗೆ ಹೋಗುವುದನ್ನು ಬಿಟ್ಟು, ಎರಡು ಬೀದಿ ಆಚೆಯ ಕೆಟ್ಟ ಚಹಾ ಕುಡಿದು ಬರುತ್ತಿದ್ದ.

ಲಾಯರಿಗೆ ಅಜ್ಜಿಯ ಮೇಲೆ ಉರಿ.

"ಅಜ್ಜಿಗೆ ಮೆಟ್ಟಿಲು ಹತ್ತೋಕಾಗಲ್ಲ. ಆ ಊಟ ಅಗಿಯೋಕೆ ಹಲ್ಲಿಲ್ಲ. ನ್ಯಾಯವಾಗಿ ನೋಡಿದ್ರೆ ನಾನು ಹೋಗ್ಬೇಕು."

"ಅವಳೇ ಹೋಗ್ಲಿ ಬಿಡಮ್ಮ. ಈ ವಯಸ್ಸಲ್ಲಿ ನನಗ್ಯಾಕೆ ಅದೆಲ್ಲ" ಎನ್ನುತ್ತ ಅಜ್ಜಿ ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಹಿಮ್ಮಡಿಯನ್ನು ಕಲ್ಲಿನಿಂದ ತಿಕ್ಕುತ್ತಿದ್ದಳು. ಮೂರು ದಿನದಿಂದ ತಿಕ್ಕುತ್ತಿದ್ದಳು.

"ನಿಜವಾಗ್ಲೂ ಬೇಡ್ವಾ ಅಜ್ಜಿ?"

"ಬೇಡ ಅಂದೆ ಅಂತ ಕಿತ್ಕೊಂಡು ಹೋಗ್ತೀಯೇನೇ?"

ಹುಡುಗಿಯಾಗಿದ್ದಾಗ ಅಜ್ಜಿ ಆ ಅರಮನೆಯ ಅಡುಗೆಮನೆಗೆ ಇದ್ದಿಲು ಹೊತ್ತವಳು. ಆರು ವರ್ಷ ಹೊತ್ತರೂ ಹಿಂಬಾಗಿಲಿನ ಮೆಟ್ಟಿಲು ದಾಟಿರಲಿಲ್ಲ. ಬುಟ್ಟಿ ಅಲ್ಲೇ ಇಳಿಸಿ, ಅಲ್ಲಿಂದಲೇ ತಿರುಗಬೇಕಿತ್ತು. ಒಳಗೆ ಏನಿದೆ ಎಂದು ನೋಡುವ ಆಸೆ ಐವತ್ತೈದು ವರ್ಷ ಹಳೆಯದು. ಆ ಆಸೆಯನ್ನು ಮಗ ತೀರಿಸಬೇಕಿತ್ತು, ಸೊಸೆ ತೀರಿಸುವಂತಾಯಿತಲ್ಲ ಎಂಬುದು ಅವಳ ಉರಿ. ಸೊಸೆ ಬಟ್ಟೆ ಮಡಚುವಾಗೆಲ್ಲ, "ನನ್ನ ಮಗನ ಗೋಡೆಗಳನ್ನ ಕಣ್ತುಂಬಾ ನೋಡ್ಬೇಕು" ಎಂದು ಕೇಳಿಸುವ ಹಾಗೆ ಹೇಳುತ್ತಿದ್ದಳು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಜಗಳ ಕೊನೆಗೂ ಒಡೆಯಿತು. ಅವಳು ಸೀರೆ ಇಸ್ತ್ರಿ ಮಾಡುತ್ತಿದ್ದಳು. ಮೇಸ್ತ್ರಿ ಕೆಲಸದಿಂದ ಬೇಗ ಬಂದು, ಕೈಕಾಲು ತೊಳೆಯದೆ ಎದುರಿಗೆ ಕೂತ.

"ಒಂದು ತುಂಡು ಬಟ್ಟೆಗೆ ಎಷ್ಟು ಮೆರೀತೀಯಲ್ಲ. ಹತ್ತು ವರ್ಷಕ್ಕೆ ಬಣ್ಣ ಹೋಗುತ್ತೆ, ಕಿತ್ತು ಬಿಸಾಕ್ತಾರೆ. ನನ್ನ ಗೋಡೆ ನೂರು ವರ್ಷ ನಿಲ್ಲುತ್ತೆ."

ಇಸ್ತ್ರಿಪೆಟ್ಟಿಗೆ ಅವಳ ಕೈಯಲ್ಲೇ ನಿಂತಿತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಂದು ವಾಕ್ಯ ಸಾಕಿತ್ತು, ಇವನ ಮೂರು ವಾರದ ಠೇಂಕಾರ ಇಳಿದುಹೋಗುತ್ತಿತ್ತು. ಹೇಳಿಬಿಡಬೇಕು ಎಂದು ಅವಳಿಗೆ ಬಲವಾಗಿ ಅನ್ನಿಸಿತು.

"ಹೂಂ. ನಿಲ್ಲುತ್ತೆ" ಎಂದಳು.

ಜಗಳಕ್ಕೆ ಸಿಗದವರನ್ನು ಕಂಡರೆ ಜಗಳಗಂಟರಿಗೆ ಇನ್ನೂ ಸಿಟ್ಟು. ಮೇಸ್ತ್ರಿ ಎರಡು ಕೈಗಳನ್ನೂ ಅವಳ ಮುಖದ ಮುಂದೆ ಚಾಚಿದ. ಸುಣ್ಣ ತಿಂದು ಬೆರಳ ತುದಿಗಳು ಸವೆದು ಬಿರುಕು ಬಿಟ್ಟಿದ್ದವು.

"ಈ ಕೈ ಇಟ್ಕೊಂಡು ಅಲ್ಲಿ ನಿನ್ನ ಪಕ್ಕ ಕೂತ್ಕೊಂಡ್ರೆ ನಿನಗೆ ನಾಚಿಕೆ. ಅದಕ್ಕೇ ಕರೀಲಿಲ್ಲ. ಹೌದೋ ಅಲ್ವೋ?"

"ಅಲ್ಲ."

"ಮತ್ತೆ ಯಾಕೆ ಕರೀಲಿಲ್ಲ?"

ಅದಕ್ಕೆ ಅವಳ ಹತ್ತಿರ ಇದ್ದ ಒಂದೇ ಉತ್ತರವನ್ನು ಕೊಡುವ ಹಾಗಿರಲಿಲ್ಲ. ಸೀರೆಯ ಅಂಚು ಸುಟ್ಟ ವಾಸನೆ ಬಂತು. ಲಾಯರು ಓಡಿಬಂದು ಪೆಟ್ಟಿಗೆ ಎತ್ತಿದಳು.

*

ಹೋಟೆಲಿನ ಮುಂಬಾಗಿಲಲ್ಲಿ ನಿಂತಿದ್ದ ಕಾವಲುಗಾರ, ಎರಡು ವರ್ಷ ದಿನಾ ಸಂಜೆ ಹಿಂದಿನ ಗೇಟಿನಲ್ಲಿ ಅವಳ ಚೀಲ ತಡಕಿ ನೋಡುತ್ತಿದ್ದವನೇ. ಈಗ ಅವನು ಸಲಾಮು ಹೊಡೆದು ಚೀಲವನ್ನು ತಾನೇ ಎತ್ತಿಕೊಂಡ. ಅವಳಿಗೆ ಅಭ್ಯಾಸಬಲದಿಂದ ಚೀಲದ ಬಾಯಿ ಬಿಚ್ಚಿ ತೋರಿಸುವಂತಾಯಿತು.

ಮೂಲೆ ಕೋಣೆಯಲ್ಲಿ ಅಜ್ಜಿ ಮೊದಲು ನೆಲ ನೋಡಿದಳು, ಆಮೇಲೆ ಚಾವಣಿ ನೋಡಿದಳು, ಆಮೇಲೆ ಮಂಚಕ್ಕೆ ಹತ್ತಲು ಸ್ಟೂಲು ಕೇಳಿದಳು. ಚಹಾ ತಂದವನಿಗೆ, ಹಣ್ಣು ತಂದವಳಿಗೆ, ಟಿವಿ ಹಾಕಲು ಬಂದವನಿಗೆ, ಎಲ್ಲರಿಗೂ ಒಂದೇ ಮಾತು.

"ಈ ಗೋಡೆ ನನ್ನ ಮಗ ಮಾಡಿದ್ದು."

ಮ್ಯಾನೇಜರು ಹೂಗುಚ್ಛ ಹಿಡಿದು ಬಂದು, "ನಿಮ್ಮ ಪರದೆ ಬಗ್ಗೆ ಎಷ್ಟು ಹೇಳಿದ್ರೂ ಸಾಲದು" ಎಂದು ಶುರುಮಾಡಿದ.

"ಗೋಡೆ ನನ್ನ ಮಗಂದು" ಎಂದಳು ಅಜ್ಜಿ ಅಡ್ಡ ಬಾಯಿ ಹಾಕಿ.

"ಹೌದಮ್ಮ, ಗೊತ್ತು. ಹಿಂದಿನ ಕಟ್ಟಡಕ್ಕೂ ಅವರನ್ನೇ ಯೋಚನೆ ಮಾಡ್ತಿದ್ದೀವಿ. ಈ ವಾರದಲ್ಲೇ ತೀರ್ಮಾನ."

ಸ್ನಾನ ಮುಗಿಸಿದ ಇಬ್ಬರೂ ಬಚ್ಚಲನ್ನು ಉಜ್ಜಿ ತೊಳೆದರು. ಎರಡು ಟವೆಲ್ಲುಗಳನ್ನು ಹಿಂಡಿ ಬಾಲ್ಕನಿಯ ಕಟಕಟೆಯ ಮೇಲೆ ಒಣಹಾಕಿದರು. ಅದು ಕೆಳಗಿನ ತೋಟದಿಂದ ಕಂಡು, ಹಾಸಿಗೆ ಬಟ್ಟೆ, ಟವೆಲ್ಲು ನೋಡಿಕೊಳ್ಳುವ ಹುಡುಗಿಯೊಬ್ಬಳು ಏದುಸಿರು ಬಿಡುತ್ತ ಓಡಿಬಂದಳು. "ಅಮ್ಮಾ, ನೀವು ಏನೂ ಮಾಡ್ಬಾರ್ದು ಇಲ್ಲಿ. ನನ್ನನ್ನ ಬೈತಾರೆ."

ಏನೂ ಮಾಡದೆ ಕೂರುವುದು ಎಷ್ಟು ಕಷ್ಟ ಎಂದು ಅಜ್ಜಿಗೆ ಆಗಲೇ ತಿಳಿದದ್ದು. ಒಂದು ಗಂಟೆ ಕೂತಳು. ಆಮೇಲೆ ಎದ್ದು, ಈ ಕಿಟಕಿ ಎಲ್ಲಿಗೆ ಮುಗಿಯುತ್ತೆ ನೋಡೋಣ ಎಂದು ಪರದೆಯ ಎಡ ತುದಿಯನ್ನು ಸರಿಸಿದಳು.

"ಅತ್ತೆ, ಬೇಡ" ಎನ್ನುವಷ್ಟರಲ್ಲಿ ತಡವಾಗಿತ್ತು.

ಅಜ್ಜಿ ಬೆರಳಿಟ್ಟಳು. ಗುಳ್ಳೆ ಒಡೆದು ಬಿಳಿ ಪುಡಿ ರತ್ನಗಂಬಳಿಯ ಮೇಲೆ ಉದುರಿತು.

"ಇದ್ಯಾರು ಮಾಡಿದ್ದು?"

ಸೊಸೆ ಪರದೆಯ ಅಂಚು ಹಿಡಿದು ಮತ್ತೆ ಎಳೆಯಲು ಹೋದಳು.

"ಇದಕ್ಕೇನೇ ಇಷ್ಟು ಅಗಲ ಹೊಲಿದದ್ದು?"

"ಹೂಂ."

"ಅವನಿಗೆ ಗೊತ್ತಾ?"

"ಇಲ್ಲ ಅತ್ತೆ. ಅದಕ್ಕೇ ಅವರನ್ನ ಕರ್ಕೊಂಡು ಬರ್ಲಿಲ್ಲ."

ಅಜ್ಜಿ ಪರದೆಯನ್ನು ಮೊದಲಿನಂತೆ ಎಳೆದು, ಉದುರಿದ ಪುಡಿಯನ್ನು ಸೆರಗಿನಿಂದ ಒರೆಸಿದಳು. ಸಂಜೆ ಊಟ ತಂದವನಿಗೆ ಗೋಡೆಯ ಮಾತು ಹೇಳಲಿಲ್ಲ. ತಟ್ಟೆಯಲ್ಲಿದ್ದ ದೊಡ್ಡ ಮೀನಿನ ತುಂಡನ್ನು ಸೊಸೆಯ ತಟ್ಟೆಗೆ ಹಾಕಿ, "ತಿನ್ನು, ನನಗೆ ಹಲ್ಲಿಲ್ಲ" ಎಂದಳು. ಈ ಮನೆಗೆ ಬಂದು ಇಪ್ಪತ್ತು ವರ್ಷದಲ್ಲಿ ದೊಡ್ಡ ತುಂಡು ಅವಳ ತಟ್ಟೆಗೆ ಬಿದ್ದದ್ದು ಅದೇ ಮೊದಲು.

*

ಇತ್ತ ಮನೆಯಲ್ಲಿ ಮೇಸ್ತ್ರಿ ಅನ್ನ ಸೀಯಿಸಿದ್ದ. ಅಪ್ಪ ಮಗಳು ಬ್ರೆಡ್ಡು ತಿಂದು ಒಂದು ಹೊತ್ತು ಕಳೆದರು. ಮರುದಿನ ಬೆಳಿಗ್ಗೆ ಅವನು ನಾಲ್ಕನೇ ಸಲ ಗಡಿಯಾರ ನೋಡಿ, "ಈಗ ಅಲ್ಲಿ ತಿಂಡಿ ಕೊಡ್ತಿರ್ತಾರೆ" ಎಂದ.

"ಹೊಟ್ಟೆ ಉರೀತಿದೆ ಅಂತ ಒಪ್ಕೊಂಡ್ಬಿಡಪ್ಪ."

"ನನಗ್ಯಾಕೆ ಉರಿ? ನೋಡು, ನಿಮ್ಮಜ್ಜಿ ಬಿಪಿ ಮಾತ್ರೆ ಇಲ್ಲೇ ಬಿಟ್ಟು ಹೋಗಿದ್ದಾಳೆ."

"ಅದು ಖಾಲಿ ಪಟ್ಟಿ. ಹೊಸದು ತಗೊಂಡು ಹೋಗಿದ್ದಾಳೆ."

"ಒಂದು ಉಳಿದಿದೆ" ಎಂದ ಮೇಸ್ತ್ರಿ. ಒಂದು ನಿಜವಾಗಿಯೂ ಉಳಿದಿತ್ತು. ಅದನ್ನು ಜೇಬಿಗೆ ಹಾಕಿಕೊಂಡು, ಮದುವೆಮನೆಗೆ ಹಾಕುವ ಅಂಗಿ ತೊಟ್ಟು ಹೊರಟ.

ಮುಂಬಾಗಿಲಲ್ಲಿ ಕಾವಲುಗಾರ ತಡೆದ. ಹಿಂದಿನ ಗೇಟಿನವನಲ್ಲ, ಯಾರೋ ಹೊಸಬ.

"ಯಾರನ್ನ ನೋಡ್ಬೇಕು?"

"ಮೂಲೆ ಕೋಣೆ ಅತಿಥಿನ."

"ನೀವ್ಯಾರು?"

ಈ ಬಾಗಿಲ ಕಮಾನಿಗೆ ಗಾರೆ ಬಳಿದವನು ನಾನು ಎಂದು ಹೇಳಲು ಬಾಯಿ ತೆರೆದ. ಅದರಿಂದ ಕೆಲಸವಾಗುವುದಿಲ್ಲ ಎಂದು ಆ ಹುಡುಗನ ಮುಖವೇ ಹೇಳುತ್ತಿತ್ತು.

"ಅವರ ಗಂಡ" ಎಂದ.

ಬಾಗಿಲು ತೆರೆಯಿತು. ಆ ಎರಡು ಪದವನ್ನೇ ಮೆಲುಕು ಹಾಕುತ್ತ ಮೆಟ್ಟಿಲು ಹತ್ತಿದ.

ಕೋಣೆಯ ಬಾಗಿಲು ತೆಗೆದ ಹೆಂಡತಿಯ ಮುಖ ಬಿಳಿಚಿತು. ಬೇಡದವನು ಬಂದ ಹಾಗೆ ನೋಡ್ತಾಳಲ್ಲ ಎಂದುಕೊಂಡ ಮೇಸ್ತ್ರಿ. ಮಾತ್ರೆಯನ್ನು ಮೇಜಿನ ಮೇಲಿಟ್ಟು, ಯಾರಾದರೂ ಕೇಳುವ ಮೊದಲೇ ಗೋಡೆ ತಟ್ಟಲು ಶುರುಮಾಡಿದ. ಬಾಗಿಲ ಪಕ್ಕ ಟಕ್, ಕನ್ನಡಿಯ ಪಕ್ಕ ಟಕ್. ಗಟ್ಟಿ ಸದ್ದು. ಮೂರು ವಾರದಲ್ಲಿ ಮೊದಲ ಸಲ ಅವನ ಮುಖದ ಗಂಟು ಸಡಿಲವಾಯಿತು.

"ಕೂತ್ಕೊಳೋ. ಇಲ್ಲಿ ಫೋನ್ ಮಾಡಿದ್ರೆ ಚಹಾ ತಂದ್ಕೊಡ್ತಾರೆ" ಎಂದಳು ಅಜ್ಜಿ, ಪರದೆಗೆ ಬೆನ್ನು ಕೊಟ್ಟು ನಿಂತು.

"ಪಕ್ಕಕ್ಕೆ ಬಾಮ್ಮ."

"ಎಷ್ಟು ದೂರದಿಂದ ಬಂದಿದ್ದೀಯ, ಮೊದಲು ಕೂತ್ಕೋ."

"ಎರಡು ಬಸ್ಸು ದೂರ ಅಷ್ಟೇ. ಪಕ್ಕಕ್ಕೆ ಬಾ ಅಂದೆ."

ಅವನು ಪರದೆಯ ಮೇಲಿನಿಂದಲೇ ತಟ್ಟಿದ. ಬಂದ ಸದ್ದು ಟೊಳ್ಳು. ಇನ್ನೊಂದು ಸಲ ತಟ್ಟಿದ. ಆಮೇಲೆ ಪರದೆ ಎತ್ತಿದ.

ಮೇಸ್ತ್ರಿ ಮೊಣಕಾಲೂರಿ ಕೂತು ಬುಡದಿಂದ ಮೇಲಿನವರೆಗೆ ಬೆರಳಾಡಿಸಿದ. ಅವನ ಕಿವಿಗಳು ಕೆಂಪಗಾಗಿದ್ದವು.

"ಯಾವಾಗ ನೋಡಿದೆ ಇದನ್ನ?"

"ತೆರೆಯೋಕೆ ಹದಿನೈದು ದಿನ ಇದ್ದಾಗ."

"ಹೇಳ್ಬಹುದಿತ್ತಲ್ಲ."

"ನೀವು ಸಭಾಂಗಣದಲ್ಲಿದ್ರಿ. ಎಲ್ಲರೂ ಹೊಗಳ್ತಿದ್ರು. ಹೇಗೆ ಹೇಳೋದು?"

"ಮೊನ್ನೆ ಇಸ್ತ್ರಿ ಮಾಡುವಾಗ ನಾನು ಅಷ್ಟು ಮಾತಾಡಿದ್ನಲ್ಲ. ಆಗ?"

"ನಾಲಿಗೆ ತುದಿಗೆ ಬಂದಿತ್ತು."

"ಮತ್ತೆ?"

"ನುಂಗ್ಕೊಂಡೆ. ಸುಲಭವಾಗಿರ್ಲಿಲ್ಲ."

ಮೇಸ್ತ್ರಿ ಗೋಡೆಯನ್ನೇ ನೋಡುತ್ತ ಹೇಳಿದ. "ಎರಡನೇ ಪದರ ಒಣಗೋಕೆ ಇನ್ನೂ ಹತ್ತು ದಿನ ಬೇಕಿತ್ತು. ಗೊತ್ತಿತ್ತು ನನಗೆ. ಕಾದರೆ ಎಡಗೈಯವನು ಸಭಾಂಗಣಕ್ಕೆ ಕೈ ಹಾಕಿಬಿಡ್ತಾನೆ ಅಂತ ಇದನ್ನ ಉಜ್ಜಿ ಮುಗಿಸಿಬಿಟ್ಟೆ."

ಅಜ್ಜಿ ಬಾಗಿಲ ಚಿಲಕ ಹಾಕಿ ಬಂದಳು. "ಆಗಿದ್ದಾಯ್ತು. ಮುಚ್ಚಿಬಿಡು. ಈ ವಾರ ಹಿಂದಿನ ಕಟ್ಟಡದ ತೀರ್ಮಾನ ಅಂತೆ, ನಿನ್ನನ್ನೇ ಅಂದ್ಕೊಂಡಿದ್ದಾರಂತೆ. ಅದು ಕೈಗೆ ಬರ್ಲಿ. ಆಮೇಲೆ ಏನಾದ್ರೂ ಮಾಡಿದ್ರಾಯ್ತು."

"ಅತ್ತೆ ಹೇಳೋದು ಸರಿ ರೀ" ಎಂದಳು ಹೆಂಡತಿ. "ಒಂದು ವರ್ಷ ಯಾರೂ ನೋಡಿಲ್ಲ."

ಮೇಸ್ತ್ರಿ ಪರದೆಯ ಒಳಗಿನ ಲೈನಿಂಗ್ ಬಟ್ಟೆಯನ್ನು ತಿರುಗಿಸಿ ಮೂಗಿಗೆ ಹಿಡಿದ. ಮುಗ್ಗಲು ವಾಸನೆ. ಗೋಡೆಗೆ ತಾಗುವ ಕಡೆ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು ಎದ್ದಿದ್ದವು.

"ಇದನ್ನ ನೋಡಿದ್ಯಾ?"

ಅವಳು ಬಗ್ಗಿ ನೋಡಿದಳು. ನೋಡಿರಲಿಲ್ಲ. ಅವಳ ಕೈ ತಾನಾಗಿಯೇ ಆ ಚುಕ್ಕೆಗಳನ್ನು ಉಜ್ಜತೊಡಗಿತು.

"ಹೋಗಲ್ಲ ಅದು. ಇನ್ನೊಂದು ವರ್ಷ ಬಿಟ್ರೆ ಈ ಗೋಡೆ ನಿನ್ನ ಬಟ್ಟೆ ತಿಂದು ಹಾಕುತ್ತೆ." ಸ್ವಲ್ಪ ತಡೆದು ಕೇಳಿದ, "ಈ ಎರಡು ಪನ್ನ ಸೇರಿಸೋಕೆ ಎಷ್ಟು ದಿನ ಹಿಡೀತು?"

"ಎರಡು ಭಾನುವಾರ."

"ನಾನೆಲ್ಲಿದ್ದೆ?"

"ಮನೇಲೇ. ಯಂತ್ರದ ಪಕ್ಕ ಮಲ್ಕೊಂಡಿದ್ರಿ."

ಮೇಸ್ತ್ರಿ ಎದ್ದು ಅಂಗಿಯ ಮೇಲಿನ ಪುಡಿ ಕೊಡವಿಕೊಂಡ. ಬಾಗಿಲ ಚಿಲಕ ತೆಗೆದ. ಎಲ್ಲಿಗೆ ಎಂದು ಅಜ್ಜಿ ಕೇಳಿದಳು. ಕೇಳದೆಯೇ ಹೆಂಡತಿಗೆ ಗೊತ್ತಾಯಿತು. ಅವಳು ಮೆಟ್ಟಿಲವರೆಗೆ ಹಿಂದೆ ಹೋಗಿ, "ರೀ" ಎಂದು ಕರೆದಳು. ಅವನು ಆಗಲೇ ಮ್ಯಾನೇಜರನ ಕೋಣೆಯ ಬಾಗಿಲು ತಟ್ಟುತ್ತಿದ್ದ.

*

ಹಿಂಭಾಗದ ಕಟ್ಟಡ ಎಡಗೈ ಮೇಸ್ತ್ರಿಯ ಪಾಲಾಯಿತು. ನಮ್ಮ ಮೇಸ್ತ್ರಿ ಮೂಲೆ ಕೋಣೆಯ ಗೋಡೆಯನ್ನು ಕೂಲಿ ಇಲ್ಲದೆ ಮೊದಲಿನಿಂದ ಮಾಡಿಕೊಡಬೇಕು, ಆಮೇಲೆ ಬೇಕಾದರೆ ಎಡಗೈಯವನ ಕೈಕೆಳಗೆ ಕೆಲಸಕ್ಕೆ ಬರಬಹುದು ಎಂದು ಮ್ಯಾನೇಜರು ಹೇಳಿದ. ಹಾಗೆ ಹೇಳುವಾಗ ಅವನ ದನಿಯಲ್ಲಿ ಮರ್ಯಾದೆ ಇತ್ತು. ಆದರೆ ಮರ್ಯಾದೆಯಿಂದ ಹೊಟ್ಟೆಯ ಉರಿ ಆರುವುದಿಲ್ಲ. ಎಡಗೈಯವನು ಚಹಾದಂಗಡಿಯಲ್ಲಿ ಹನ್ನೊಂದು ಜನಕ್ಕೂ ಚಹಾ ಹೇಳಿದ ದಿನ ಮೇಸ್ತ್ರಿ ಆ ಬೀದಿಯಲ್ಲಿ ತಲೆ ತಗ್ಗಿಸಿ ನಡೆದುಹೋದ.

"ಬಾಯಿ ಮುಚ್ಕೊಂಡಿದ್ದಿದ್ರೆ ಆಗ್ತಿತ್ತು" ಎಂದು ಅಜ್ಜಿ ಊಟಕ್ಕೆ ಕೂತಾಗೆಲ್ಲ ಗೊಣಗಿದಳು. ಲಾಯರು, "ಅಪ್ಪ ಮಾಡಿದ್ದೇ ಸರಿ" ಎಂದು ಮೊದಲ ಸಲ ಅಪ್ಪನ ಕಡೆ ವಾದ ಮಾಡಿದಳು.

ಎರಡು ತಿಂಗಳು ಮನೆ ನಡೆದದ್ದು ಹೊಲಿಗೆ ಯಂತ್ರದಿಂದ. ಅದರ ಸದ್ದಿಗೆ ತಲೆನೋವು ಎಂದು ಯಾರೂ ಹೇಳಲಿಲ್ಲ. ದಿನಾ ಮಧ್ಯಾಹ್ನ ಅವಳು ಬುತ್ತಿ ತೆಗೆದುಕೊಂಡು ಹಿಂದಿನ ಗೇಟಿಗೆ ಹೋಗುತ್ತಿದ್ದಳು. ಮೇಸ್ತ್ರಿ ಹಳೆಯ ಗಾರೆಯನ್ನು ಇಟ್ಟಿಗೆ ಕಾಣುವವರೆಗೆ ಕೆರೆದು ತೆಗೆದ. ಒಂದು ಪದರ ಬಳಿದು ಸುಮ್ಮನೆ ಕೂತ. ಕಿಟಕಿಯಿಂದ ಕೆಳಗೆ ಎಡಗೈಯವನ ಆಳುಗಳು ಓಡಾಡುವುದು ಕಾಣುತ್ತಿತ್ತು, ಅವನ ಕೂಗು ಕೇಳುತ್ತಿತ್ತು. ಆದರೂ ಕೂತ. ಒಣಗಿತು ಎಂದು ಬೆರಳಿಗೆ ತಿಳಿದ ಮೇಲೆ ಇನ್ನೂ ಎರಡು ದಿನ ಬಿಟ್ಟು ಮುಂದಿನ ಪದರ ಬಳಿದ. ಹೀಗೆ ಐದು ಪದರ. ಕೊನೆಯದನ್ನು ನುಣುಪು ಕಲ್ಲಿನಿಂದ ಒಂಬತ್ತು ದಿನ ಉಜ್ಜಿದ.

ಪರದೆ ಕಟ್ಟುವ ದಿನ ಅವಳು ಹೊಸ ಲೈನಿಂಗ್ ಹಾಕಿದ ಬಟ್ಟೆಯನ್ನು ಹೆಗಲ ಮೇಲೆ ಹೊತ್ತು ಬಂದಳು. ಮ್ಯಾನೇಜರು ಗೋಡೆಯ ಮುಂದೆ ನಿಂತಿದ್ದ. ಅವನ ಕುತ್ತಿಗೆಯ ಟೈ ಕೂಡ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು.

"ಇನ್ನು ಇಷ್ಟು ಅಗಲ ಬೇಕಿಲ್ವೇನೋ" ಎಂದ. "ಕಿಟಕಿಗೆ ಸಾಕಾಗುವಷ್ಟು ಇಟ್ಕೊಂಡು ಉಳಿದದ್ದು ಕತ್ತರಿಸಬಹುದು. ಪರದೆ ನಿಮ್ಮದು, ನೀವೇ ಹೇಳಿ."

ಮೇಸ್ತ್ರಿ ಏಣಿಯನ್ನು ಸರಿಪಡಿಸುವ ನೆಪದಲ್ಲಿ ತಲೆ ತಗ್ಗಿಸಿದ. ಕತ್ತರಿಸಲಿ ಎಂದು ಅವನ ಜೀವ ಹಾತೊರೆಯುತ್ತಿತ್ತು.

ಅವಳು ಗೋಡೆಯ ಹತ್ತಿರ ಹೋದಳು. ಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟಿದಳು. ಗಟ್ಟಿ ಸದ್ದು ಬಂತು. ಅಂಗೈಯಿಂದ ಬುಡದವರೆಗೆ ನಿಧಾನವಾಗಿ ಸವರಿದಳು. ಗೋಡೆಯೊಳಗೆ ಅವಳ ಮುಖ, ಬಾಯಲ್ಲಿ ಕಚ್ಚಿಕೊಂಡ ಪಿನ್ನುಗಳ ಸಮೇತ ಕಾಣಿಸಿತು. ಹಿಂದೆ ಏಣಿ ಹಿಡಿದು ನಿಂತ ಗಂಡನೂ ಕಾಣಿಸಿದ. 'ಸ್ವಲ್ಪ ಪಕ್ಕಕ್ಕೆ ಬಾಮ್ಮ, ಗೋಡೆ ಕಾಣಲಿ' ಎನ್ನುತ್ತಿದ್ದವರೆಲ್ಲ ಅವಳಿಗೆ ನೆನಪಾದರು.

"ಹಾಗೇ ಇರಲಿ ಸಾರ್. ಪೂರ್ತಿ" ಎಂದಳು, ಪಿನ್ನುಗಳನ್ನು ಅಂಗೈಗೆ ತೆಗೆದುಕೊಂಡು.

ಏಣಿ ಹತ್ತಿ ಕೊಕ್ಕೆಗಳನ್ನು ಒಂದೊಂದಾಗಿ ಸರಳಿಗೆ ಸಿಕ್ಕಿಸಿದಳು. ಪರದೆ ಕಿಟಕಿಯನ್ನು ದಾಟಿ, ಗೋಡೆಯ ಮೇಲೆ ನೆರಿಗೆ ನೆರಿಗೆಯಾಗಿ ಸಾಗಿತು. ಮ್ಯಾನೇಜರು ಹೊರಟುಹೋದ ಮೇಲೆ ಮೇಸ್ತ್ರಿ ಕೆಳಗಿನಿಂದ, ಯಾರಿಗೂ ಕೇಳದಷ್ಟು ಮೆಲ್ಲಗೆ ಹೇಳಿದ.

"ಇಷ್ಟು ಒಳ್ಳೆ ಗೋಡೆ ನಾನು ಜನ್ಮದಲ್ಲಿ ಮಾಡಿಲ್ಲ ಕಣೇ."

"ಗೊತ್ತು. ನೋಡಿದೆ."

ಕೊನೆಯ ಎರಡು ಪನ್ನ ಮಾತ್ರ ಬಾಕಿ ಇತ್ತು. ಅವಳು ಕೈ ಚಾಚಿದಾಗ ಏಣಿ ಅಲುಗಿತು.

"ಗಟ್ಟಿಯಾಗಿ ಹಿಡ್ಕೊಳ್ಳಿ ರೀ."

ಅವನು ಎರಡೂ ಕೈಯಿಂದ ಹಿಡಿದುಕೊಂಡ. ಅವಳು ಕೊನೆಯ ಕೊಕ್ಕೆ ಸಿಕ್ಕಿಸಿ ಪರದೆಯನ್ನು ಗೋಡೆಯ ತುದಿಯವರೆಗೆ ಎಳೆದಳು.